‘ಇತರೆ’ ಎಂಬ ಪೆಟ್ಟಿಗೆಯಲ್ಲಿ ನಮ್ಮವರು

ನಮ್ಮೂರಿನ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಫೋಟೋ ಸ್ಟುಡಿಯೋ ಬಾಗಿಲು ಹಾಕಿ ಹದಿನೈದು ವರ್ಷದ ಮೇಲಾಯಿತು. ಹೋದ ವರ್ಷ ಮಳಿಗೆ ಕೆಡವಿಸುವಾಗ ಯಜಮಾನರ ಮಗ ಅಟ್ಟದ ಮೇಲಿದ್ದ ನೆಗೆಟಿವ್‌ಗಳನ್ನೆಲ್ಲ ಊರಿಗೇ ದಾನ ಮಾಡಿದರು. ಬಿಸ್ಕತ್ತಿನ ತಗಡಿನ ಡಬ್ಬಗಳು, ಪ್ರಿಂಟು ಪೇಪರಿನ ಖಾಲಿ ರಟ್ಟಿನ ಪೆಟ್ಟಿಗೆಗಳು, ಒಂದು ಕಬ್ಬಿಣದ ಟ್ರಂಕು, ಎಲ್ಲ ಸೇರಿ ಹನ್ನೊಂದು. ಅವರು ಕೊಡದೆ ಹೋಗಿದ್ದರೆ ನೆಗೆಟಿವ್‌ನಿಂದ ಬೆಳ್ಳಿ ತೆಗೆಯುವವರು ಕೇಜಿ ಲೆಕ್ಕದಲ್ಲಿ ಕೊಂಡೊಯ್ಯುತ್ತಿದ್ದರು, ಇಲ್ಲವೇ ಗೆದ್ದಲು ತಿನ್ನುತ್ತಿತ್ತು. ಆ ಉಪಕಾರ ದೊಡ್ಡದು. ಮುಂದೆ ನಾನು ಬರೆಯುವ ಮಾತಿನಿಂದ ಅದು ಚಿಕ್ಕದಾಗಬಾರದು ಅಂತ ಮೊದಲೇ ಹೇಳಿಬಿಡುತ್ತೇನೆ. ಊರಿನ ಹೆಸರನ್ನಾಗಲೀ ಸ್ಟುಡಿಯೋದ ಹೆಸರನ್ನಾಗಲೀ ಬರೆಯುವುದಿಲ್ಲ. ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ ಅಂದುಕೊಂಡರೆ ಸಾಕು. ವಾರಕ್ಕೊಂದು ಸಂತೆ, ವರ್ಷಕ್ಕೊಂದು ತೇರು, ಊರಾಚೆಗೆ ಎರಡು ಕೇರಿ.

ಪೆಟ್ಟಿಗೆಗಳನ್ನು ವಿಂಗಡಿಸಲಿಕ್ಕೆ ಒಂದು ಸಮಿತಿಯಾಯಿತು. ನಿವೃತ್ತ ಹೆಡ್‌ಮಾಸ್ಟರು, ಒಬ್ಬ ವಕೀಲರು, ಜವಳಿ ಅಂಗಡಿಯ ಸಾಹುಕಾರರು, ಊರಿನ ಚರಿತ್ರೆ ಬರೆಯುವ ಹುಚ್ಚಿದ್ದ ಒಬ್ಬ ಮೇಷ್ಟ್ರು, ಮತ್ತು ನಾನು. ‘ನಿಮ್ಮವರ ಕಡೆಯಿಂದ್ಲೂ ಒಬ್ರು ಇರ್ಲಿ’ ಅಂತ ನನ್ನನ್ನು ಕರೆದಿದ್ದರು. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಪೋಸ್ಟರುಗಳನ್ನು ನಾನು ಅಂಟಿಸುತ್ತಿದ್ದ ಗೋಡೆ ಅದೇ ಸ್ಟುಡಿಯೋದ ಪಕ್ಕದ ಗೋಡೆ. ಬೆಳಿಗ್ಗೆ ಯಜಮಾನರು ಅದನ್ನು ಕಿತ್ತು ಹಾಕುವುದು, ರಾತ್ರಿ ನಾವು ಮತ್ತೆ ಅಂಟಿಸುವುದು, ಇದು ಬಹಳ ದಿನ ನಡೆದಿತ್ತು. ಹೆಡ್‌ಮಾಸ್ಟರು ಐದು ಚೀಟಿ ಬರೆದರು: ‘ಜಾತ್ರೆ–ರಥೋತ್ಸವ’, ‘ಗಣ್ಯರು’, ‘ಶಾಲೆ–ಕಾಲೇಜು’, ‘ಮದುವೆ–ಮುಂಜಿ’, ‘ಇತರೆ’. ಐದು ಜನ, ಐದು ಚೀಟಿ. ‘ಇತರೆ’ ನನ್ನ ಪಾಲಿಗೆ ಬಂತು. ಬೇಕಂತಲೇ ಹಾಗೆ ಮಾಡಿದರು ಅಂತ ನಾನು ಹೇಳುವುದಿಲ್ಲ. ಬೇಕಂತ ಮಾಡದಿದ್ದರೂ ಹಾಗೇ ಆಗುತ್ತದಲ್ಲ, ನನ್ನ ಮಾತು ಅದರ ಬಗ್ಗೆ.

‘ಇತರೆ’ಯಲ್ಲಿ ಏನಿತ್ತು? ಸಾಲದ ಅರ್ಜಿಗೆ ತೆಗೆಸಿದ ಮುಖಗಳು. ರೇಷನ್ ಕಾರ್ಡಿಗೆ ತೆಗೆಸಿದ ಕುಟುಂಬಗಳು. ಹಾಸ್ಟೆಲ್ ಸೇರುವ ಹುಡುಗರು. ಹೊಸದಾಗಿ ಕ್ರಾಪು ಮಾಡಿಸಿದ ತಲೆ, ಎಣ್ಣೆ ಹಣೆಯ ಮೇಲಿಳಿದಿದೆ. ಎರಡು ತಮಟೆ, ಒಂದು ಹರೆ ಹಿಡಿದು ನಿಂತ ಆರು ಜನ. ಅವರನ್ನು ಯಾಕೆ ತೆಗೆದರೋ. ಗೋಡೆಗೊರಗಿಸಿ ಕೂರಿಸಿದ ಹೆಣಗಳು, ಕೊರಳಲ್ಲಿ ಚೆಂಡು ಹೂವಿನ ಹಾರ. ಬದುಕಿದ್ದಾಗ ಒಂದು ಫೋಟೋ ಇಲ್ಲದವರಿಗೆ ಸತ್ತ ಮೇಲಾದರೂ ಒಂದು ಇರಲಿ ಅಂತ ಮಕ್ಕಳು ದುಡ್ಡು ಕೂಡಿಸಿ ಸ್ಟುಡಿಯೋದವರನ್ನು ಕೇರಿಗೆ ಕರೆಸುತ್ತಿದ್ದರು. ಇವಲ್ಲದೆ ಬೇರೆಯೇ ಒಂದು ಖಾಕಿ ಲಕೋಟೆ ಇತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೆಗೆಟಿವ್ ಓದುವುದಕ್ಕೆ ಒಂದು ಅಭ್ಯಾಸ ಬೇಕು. ಕಿಟಕಿಗೆ ಹಿಡಿದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತದೆ. ನಮ್ಮ ದೊಡ್ಡವ್ವ ಮೊದಲ ಸಲ ನೋಡಿದಾಗ ನಕ್ಕಳು: ‘ಏನ್ಲಾ ಇದು, ನಾವೆಲ್ಲ ದೊರೆಸಾನೇರ ಥರ ಬೆಳ್ಳಗವ್ರೆ!’ ಕೆಲವು ನೆಗೆಟಿವ್‌ಗಳಲ್ಲಿ ಮುಖದ ಮೇಲೆ ಸಣ್ಣ ಪೆನ್ಸಿಲ್ ಗೆರೆಗಳಿವೆ. ಪ್ರಿಂಟಿನಲ್ಲಿ ಮುಖ ತಿಳಿಯಾಗಲಿ ಅಂತ ಸ್ಟುಡಿಯೋದವರು ಕೈಯಾರೆ ತಿದ್ದುತ್ತಿದ್ದ ಕೆಲಸ ಅದು. ಅದಕ್ಕೆ ಅವರು ‘ಟಚಿಂಗ್’ ಅನ್ನುತ್ತಿದ್ದರು. ಊರವರ ಮುಖಗಳಿಗೆ ಟಚಿಂಗ್ ಆಗಿದೆ. ‘ಇತರೆ’ಯಲ್ಲಿ ಅಂಥದ್ದು ಒಂದೂ ಸಿಗಲಿಲ್ಲ.

ಪೆಟ್ಟಿಗೆಗಳ ಜೊತೆ ಮೂರು ಲೆಡ್ಜರು ಪುಸ್ತಕಗಳೂ ಬಂದಿದ್ದವು. ನಂಬರು, ತಾರೀಖು, ಹೆಸರು, ಎಷ್ಟು ಕಾಪಿ, ಮುಂಗಡ ಎಷ್ಟು, ಬಾಕಿ ಎಷ್ಟು. ಊರವರ ಹೆಸರಿನ ಮುಂದೆ ಶ್ರೀ, ಶ್ರೀಮತಿ, ಇಂಥವರ ಮಗ, ಇಂಥ ಅಂಗಡಿ. ನಮ್ಮವರ ಸಾಲಿನಲ್ಲಿ ಹೆಸರಿನ ಜಾಗದಲ್ಲಿ ಬರೆದಿರುವುದು ‘ಹೊ.ಕೇರಿ, 3 ಕಾಪಿ, ಅರ್ಜೆಂಟ್’ ಅಂತ. ಇನ್ನೊಂದು ಕಡೆ ‘ಮಾ.ಕೇರಿ ಹೆಂಗಸು, ಮಗು’. ದುಡ್ಡನ್ನು ಮಾತ್ರ ಪೈಸೆ ಬಿಡದೆ ಬರೆದಿದ್ದಾರೆ. ನಮ್ಮ ಸೀಮೆಯಲ್ಲಿ ಮನೆತನದ ವಂಶಾವಳಿ ಹೇಳಲಿಕ್ಕೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಏಳು ತಲೆಮಾರಿನ ಹೆಸರು ಬಾಯಲ್ಲೇ ಹೇಳಿ, ಕಾಳು ಕಡ್ಡಿ ಇಸಕೊಂಡು ಹೋಗುತ್ತಿದ್ದರು. ಅವರು ನಮ್ಮ ಕೇರಿಯ ಕಡೆ ತಿರುಗಿದ್ದನ್ನು ದೊಡ್ಡವ್ವ ಕಂಡಿಲ್ಲ. ಬಾಯಲ್ಲೂ ಇಲ್ಲದ ಹೆಸರು, ಲೆಡ್ಜರಿನಲ್ಲೂ ಇಲ್ಲದ ಹೆಸರು.

ಈಗ ಕೋಟಿನ ವಿಷಯ. ಅರ್ಜಿ ಫೋಟೋಗಳನ್ನು ಸಾಲಾಗಿ ಜೋಡಿಸುತ್ತಿದ್ದಾಗ ನನ್ನ ಜೊತೆಗಿದ್ದ ಡಿಗ್ರಿ ಓದುವ ಹುಡುಗಿಯೊಬ್ಬಳು ಗಮನಿಸಿದಳು. ‘ಸಾರ್, ಎಲ್ಲಾರ್ದೂ ಒಂದೇ ಕೋಟು.’ ಸ್ಟುಡಿಯೋಗಳಲ್ಲಿ ಗಿರಾಕಿಗಳಿಗೆ ಅಂತ ಮೊಳೆಗೆ ಒಂದು ಕೋಟು, ಒಂದು ಬಾಚಣಿಗೆ, ಪೌಡರು ಡಬ್ಬ ಇಟ್ಟಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಈ ಕೋಟಿಗೆ ಮೂರನೇ ಗುಂಡಿ ಇಲ್ಲ. ಸರಿ, ಒಂದೇ ಕೋಟು, ಬಡ ಊರು ಅಂದುಕೊಂಡೆ. ಮಾರನೇ ದಿನ ‘ಶಾಲೆ–ಕಾಲೇಜು’ ಪೆಟ್ಟಿಗೆಯ ಅದೇ ವರ್ಷಗಳ ನೆಗೆಟಿವ್ ತರಿಸಿ ನೋಡಿದೆವು. ಅಲ್ಲೂ ಕೋಟು ಹಾಕಿದ ಹುಡುಗರಿದ್ದರು. ಆ ಕೋಟಿಗೆ ಗುಂಡಿಗಳೆಲ್ಲ ಇದ್ದವು, ಕಾಲರಿನ ಅಗಲವೇ ಬೇರೆ. ಲೆಡ್ಜರು ಪಕ್ಕಕ್ಕಿಟ್ಟುಕೊಂಡು ನಂಬರಿಗೆ ನಂಬರು ತಾಳೆ ಹಾಕಿದೆವು. ಗುಂಡಿ ಇಲ್ಲದ ಕೋಟು ಕೇರಿಯವರ ಮೈಮೇಲೆ ಮಾತ್ರ ಇದೆ. ಊರವರ ಒಬ್ಬರ ಮೈಮೇಲೂ ಇಲ್ಲ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದು ನಮಗೆಲ್ಲ ಗೊತ್ತು; ಅದರ ಮೇಲೆ ಹೋರಾಟ ಮಾಡಿದೆವು, ಭಾಷಣ ಮಾಡಿದೆವು. ಬೇರೆ ಕೋಟು ಇತ್ತು ಅನ್ನುವುದು, ಆ ಕೋಟು ತೊಟ್ಟು ಹಾಸ್ಟೆಲ್ ಫೋಟೋ ತೆಗೆಸಿಕೊಂಡ ನನಗೇ ಗೊತ್ತಿರಲಿಲ್ಲ. ಹೌದು, ನಾನೂ ಆ ಪೆಟ್ಟಿಗೆಯಲ್ಲಿದ್ದೇನೆ. ನಂಬರಿದೆ, ತಾರೀಖಿದೆ, ‘ಹೊ.ಕೇರಿ ಹುಡುಗ, 6 ಕಾಪಿ’.

ಸಮಿತಿಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಾಹುಕಾರರು, ‘ಆಗಿನ ಕಾಲ ಹಾಗಿತ್ತು ಬಿಡಿ, ಈಗ ಕೆದಕಿ ಏನು ಬರುತ್ತೆ’ ಅಂದರು. ಹೆಡ್‌ಮಾಸ್ಟರು ಒಳ್ಳೆಯವರು, ಅವರ ಮಾತು ಇನ್ನೂ ಕಷ್ಟದ್ದು: ‘ನಾವು ಮಾಡ್ತಿರೋದು ಊರಿನ ದಿನನಿತ್ಯದ ಬದುಕಿನ ಪ್ರದರ್ಶನ. ಇದು ಜಾತಿ ವಿಷಯ ಆಗುತ್ತೆ, ಬೇರೆ ಲೇಖನ ಬರೀರಿ, ಚೀಟೀಲಿ ಬೇಡ.’ ದಿನನಿತ್ಯದ ಬದುಕು ಒಂದು, ಜಾತಿ ಇನ್ನೊಂದು ಅಂತ ಅವರು ನಿಜವಾಗಿಯೂ ನಂಬಿದ್ದರು. ಅವರು ಹೇಳಿದಂತೆ ಬೇರೆ ಲೇಖನ ಬರೆಯುತ್ತಿದ್ದೇನೆ. ಚೀಟಿಯ ಜಗಳವನ್ನೂ ಬಿಟ್ಟಿಲ್ಲ.

ದಲಿತ ವಿಮರ್ಶೆಯ ಬಗ್ಗೆ ನಾವು ಬರೆದದ್ದೆಲ್ಲ ಬಹುಪಾಲು ಕಾವ್ಯ, ಕಥೆ, ಆತ್ಮಕಥೆಗಳ ಮೇಲೆ. ನಮ್ಮನ್ನು ಅಕ್ಷರ ಹೇಗೆ ಹೊರಗಿಟ್ಟಿತು ಅಂತ ಚರ್ಚಿಸಿದೆವು. ಬೆಳಕು ನಮ್ಮನ್ನು ಹೇಗೆ ಒಳಗಿಟ್ಟುಕೊಂಡಿತು ಅಂತ ಕೇಳಲೇ ಇಲ್ಲ. ಕ್ಯಾಮೆರಾ ನಮ್ಮನ್ನು ಹೊರಗಿಟ್ಟಿದ್ದೇ ಇಲ್ಲ. ಬಹಳ ಹಿಂದೆಯೇ ಹುಡುಕಿಕೊಂಡು ಬಂದಿತ್ತು. 1857ರ ದಂಗೆಯಾದ ಮೇಲೆ ಆಳುವವರಿಗೆ ಪ್ರಜೆಗಳನ್ನು ಗುರುತಿಟ್ಟುಕೊಳ್ಳುವ ಅಗತ್ಯ ಹೆಚ್ಚಿತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ಬಂದವು, ಜಾತಿ ಜಾತಿಯ ಫೋಟೋ ಅಂಟಿಸಿದ ಪುಸ್ತಕ. ಮದ್ರಾಸು ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದ. ಅಳತೆಯ ಚಿಮಟ ಹಿಡಿದು ಮೂಗು ಅಳೆಯುತ್ತಿದ್ದ ಮನುಷ್ಯ ಅವನು. ಮೈಸೂರು ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯನವರು ಶುರು ಮಾಡಿದ ಕೆಲಸವನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿ 1928ರಿಂದ 1935ರೊಳಗೆ ನಾಲ್ಕು ಸಂಪುಟ ಹೊರಬಂದವು. ಇವನ್ನೆಲ್ಲ ತಿರುವಿ ಹಾಕಿದರೆ ಕಾಣುವುದು ‘ಮಾದರಿ’ಗಳು. ಫೋಟೋದ ಕೆಳಗೆ ಜಾತಿಯ ಹೆಸರಿರುತ್ತದೆ, ಮನುಷ್ಯನ ಹೆಸರಿರುವುದಿಲ್ಲ. ನಮ್ಮೂರ ಸ್ಟುಡಿಯೋದ ಯಜಮಾನರು ಥರ್ಸ್ಟನ್ನನನ್ನು ಓದಿದವರಲ್ಲ. ಆದರೂ ‘ಹೊ.ಕೇರಿ, 3 ಕಾಪಿ’ ಅಂತ ಬರೆದ ಕೈ ಅದೇ ಕೈ.

ಬಾಬಾಸಾಹೇಬರು ಈ ಅಳತೆಗಾರರನ್ನು ಎದುರಿಸಿದ ರೀತಿ ಇಲ್ಲಿ ನೆನೆಯಬೇಕು. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಅವರು ಮೂಗಿನ ಅಳತೆಯ ಅಂಕಿಗಳನ್ನೇ ಕೈಗೆತ್ತಿಕೊಂಡು, ಈ ಶಾಸ್ತ್ರ ನಿಜವೇ ಆದರೆ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಕುಲದವರು ಅಂತ ತೋರಿಸಿಬಿಟ್ಟರು. ಪುಸ್ತಕ ಅವರದು, ಅಂಕಿ ಅವರದು, ತೀರ್ಪು ಮಾತ್ರ ನಮ್ಮದು. ದಾನ ಬಂದ ಪೆಟ್ಟಿಗೆಯನ್ನೂ ಹೀಗೇ ಓದಬೇಕು ಅನ್ನುವ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಇದೇ ಜಗಳದ ಮಧ್ಯೆ ಅಮೆರಿಕದಿಂದ ಬಂದ ಗೆಳೆಯರೊಬ್ಬರು ಒಂದೆರಡು ಪುಸ್ತಕ ತಂದುಕೊಟ್ಟರು. ಅಲ್ಲಿನ ದಕ್ಷಿಣ ರಾಜ್ಯಗಳ ಸಣ್ಣ ಊರುಗಳಲ್ಲೂ ಹೀಗೆಯೇ ಸ್ಟುಡಿಯೋಗಳ ನೆಗೆಟಿವ್‌ಗಳು ಅಟ್ಟದಿಂದ, ಕಣಜದಿಂದ, ನೆಲದಡಿಯಿಂದ ಹೊರಬಂದಿವೆ. ಜಾತಿಯೂ ಬಣ್ಣವೂ ಒಂದೇ ಅಂತ ನಾನು ಸಾಧಿಸಲು ಹೊರಟಿಲ್ಲ. ಆ ವಾದದ ಇತಿಮಿತಿ ಎಲ್ಲರಿಗೂ ಗೊತ್ತಿದೆ. ಆದರೆ 1946ರಲ್ಲಿ ಬಾಬಾಸಾಹೇಬರೇ ಡುಬಾಯ್ಸ್ ಅವರಿಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಅಹವಾಲಿನ ಪ್ರತಿ ಕೇಳಿದ್ದರು. ಆ ಕಾಗದದ ದಾರಿಯಲ್ಲಿ ನಾವೂ ನಾಲ್ಕು ಹೆಜ್ಜೆ ಹಾಕಿದರೆ ತಪ್ಪಿಲ್ಲ.

ಉತ್ತರ ಕೆರೊಲಿನಾದ ಡರ್ಹಾಮ್ ಆಗ ಹೊಗೆಸೊಪ್ಪಿನಿಂದ ಬೆಳೆಯುತ್ತಿದ್ದ ಊರು. ಅಲ್ಲಿ 1877ರಲ್ಲಿ ಹುಟ್ಟಿದ ಹ್ಯೂ ಮ್ಯಾಂಗಮ್ ಅನ್ನುವ ಬಿಳಿಯ, ಕ್ಯಾಮೆರಾ ಹೊತ್ತುಕೊಂಡು ಊರೂರು ಸುತ್ತಿದ ಫೋಟೋಗ್ರಾಫರ್. ಉತ್ತರ ಕೆರೊಲಿನಾ, ವರ್ಜೀನಿಯಾದ ಸಣ್ಣ ಊರುಗಳಲ್ಲಿ ನಾಲ್ಕು ದಿನ ಸ್ಟುಡಿಯೋ ಹೂಡುವುದು, ಗಿರಾಕಿ ಮುಗಿದರೆ ಮುಂದಿನ ಊರು. ನಮ್ಮ ಜಾತ್ರೆಗಳಲ್ಲಿ ಪರದೆ ಕಟ್ಟಿ ಫೋಟೋ ತೆಗೆಯುತ್ತಿದ್ದವರ ಹಾಗೆ. ಅವನು 1922ರಲ್ಲಿ ಸತ್ತ. ಅವನ ಗಾಜಿನ ನೆಗೆಟಿವ್‌ಗಳು ಮನೆಯ ಹೊಗೆಸೊಪ್ಪಿನ ಕಣಜದಲ್ಲಿ ಬಿದ್ದಿದ್ದವು. ಕೋಳಿಗಳು ಅದರ ಮೇಲೇ ಹೇತವು, ಎಷ್ಟೋ ಒಡೆದವು. ಎಪ್ಪತ್ತರ ದಶಕದಲ್ಲಿ ಆ ಕಣಜವನ್ನು ಕೆಡವಬೇಕೆಂದಿದ್ದಾಗ ಕೊನೇ ಗಳಿಗೆಯಲ್ಲಿ ಉಳಿದವು. ಆಮೇಲೆ ಅವು ಡ್ಯೂಕ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರಿದವು.

ಅವನ ಕ್ಯಾಮೆರಾ ಒಂದು ವಿಶೇಷ ಥರದ್ದು. ಕಡಿಮೆ ದುಡ್ಡಿಗೆ ಸಣ್ಣ ಫೋಟೋ ಕೊಡಲಿಕ್ಕೆ ಒಂದೇ ಗಾಜಿನ ಮೇಲೆ ಚೌಕ ಚೌಕವಾಗಿ ಹತ್ತಾರು ಮುಖ ಹಿಡಿಯುವಂಥದ್ದು. ಹಾಗಾಗಿ ಬಂದ ಗಿರಾಕಿಗಳು ಬಂದ ಸರದಿಯಲ್ಲೇ ಗಾಜಿನ ಮೇಲೆ ಕೂತಿದ್ದಾರೆ. ಒಬ್ಬ ಬಿಳಿ ಹೆಂಗಸು, ಪಕ್ಕದ ಚೌಕದಲ್ಲಿ ಕರಿಯ ದಂಪತಿ, ಅದರ ಪಕ್ಕ ಬಿಳಿಯ ಹುಡುಗ. ಕಾಲ ಯಾವುದು ನೋಡಿ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಲೆಸಿ ಮೊಕದ್ದಮೆಯಲ್ಲಿ ಬೇರೆ ಬೇರೆ ಕೂರಿಸುವುದು ಕಾನೂನುಬದ್ಧ ಅಂದಿತ್ತು. 1898ರಲ್ಲಿ ಅದೇ ರಾಜ್ಯದ ವಿಲ್ಮಿಂಗ್ಟನ್ನಿನಲ್ಲಿ ಬಿಳಿಯರ ಗುಂಪು ಚುನಾಯಿತ ನಗರಾಡಳಿತವನ್ನು ಬಂದೂಕು ಹಿಡಿದು ಇಳಿಸಿ ಕರಿಯರನ್ನು ಕೊಂದಿತ್ತು. 1900ರಲ್ಲಿ ಅಕ್ಷರ ಪರೀಕ್ಷೆಯ ನೆಪದಲ್ಲಿ ಕರಿಯರ ಓಟು ಕಿತ್ತುಕೊಳ್ಳಲು ರಾಜ್ಯದ ಸಂವಿಧಾನವನ್ನೇ ತಿದ್ದಿದರು. ರೈಲಿನಲ್ಲಿ ಪಕ್ಕ ಪಕ್ಕ ಕೂರಲಾರದವರು ಗಾಜಿನ ಮೇಲೆ ಪಕ್ಕ ಪಕ್ಕ ಕೂತರು.

ಈ ಗಾಜುಗಳನ್ನು ಕಂಡು ಅಲ್ಲಿನವರು ಖುಷಿಪಟ್ಟಿದ್ದಾರೆ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಕರಿಯ ಹುಡುಗಿಯರು ಟೋಪಿ ಓರೆ ಮಾಡಿ ನಗುತ್ತಿದ್ದಾರೆ, ಅವರ ನಗೆಯಲ್ಲಿ ಹೆದರಿಕೆ ಇಲ್ಲ. ನಮ್ಮ ಗುಂಡಿ ಇಲ್ಲದ ಕೋಟಿನವರು ಉಸಿರು ಹಿಡಿದು ಕೂತದ್ದು ನೆನಪಾಗಿ ಹೊಟ್ಟೆ ಉರಿಯಿತು ಕೂಡ. ಆದರೆ ಎರಡು ಮಾತು. ಒಂದೇ ಗಾಜಿನ ಮೇಲೆ ಕೂತವರಿಗೆ ತಾವು ಹಾಗೆ ಕೂತಿದ್ದೇವೆ ಅಂತ ತಿಳಿಯಲೇ ಇಲ್ಲ. ಗಾಜು ಫೋಟೋಗ್ರಾಫರನ ಕತ್ತಲ ಕೋಣೆಯಲ್ಲಿತ್ತು. ಗಿರಾಕಿಯ ಕೈಗೆ ಹೋಗಿದ್ದು ಕತ್ತರಿಸಿದ ಚೌಕ. ಇನ್ನೊಂದು, ಆ ಮುಖಗಳಲ್ಲಿ ಬಹುಪಾಲಿಗೆ ಹೆಸರಿಲ್ಲ. ಬಿಳಿಯರಿಗೂ ಇಲ್ಲ, ಕರಿಯರಿಗೂ ಇಲ್ಲ. ಬಿಳಿಯನಿಗೆ ಹೆಸರು ಹೋದರೆ ಹೋಗುವುದು ಒಂದು ಫೋಟೋ. ಅವನ ಹೆಸರು ಜಮೀನಿನ ಪತ್ರದಲ್ಲಿದೆ, ಚರ್ಚಿನಲ್ಲಿದೆ, ಅಂಗಡಿಯ ಬೋರ್ಡಿನಲ್ಲಿದೆ. ಅಜ್ಜ ಮುತ್ತಜ್ಜಂದಿರು ಗುಲಾಮರ ಪಟ್ಟಿಯಲ್ಲಿ ಬರೀ ವಯಸ್ಸು ಬೆಲೆಗಳಾಗಿದ್ದವನಿಗೆ ಹೋಗುವುದು ಅಷ್ಟೇ ಅಲ್ಲ. ಡುಬಾಯ್ಸ್ ಅವರಂಥ ಡುಬಾಯ್ಸ್ ಅವರೇ 1900ರ ಪ್ಯಾರಿಸ್ ಪ್ರದರ್ಶನಕ್ಕೆ ಜಾರ್ಜಿಯಾದ ಕರಿಯರ 363 ಫೋಟೋಗಳ ಆಲ್ಬಮ್ಮುಗಳನ್ನು ಮಾಡಿಸಿಕೊಂಡು ಹೋದರು. ಎಂಥ ಗಾಂಭೀರ್ಯದ ಮುಖಗಳು! ಆದರೆ ಆ ಆಲ್ಬಮ್ಮಿಗೆ ಕೊಟ್ಟ ಹೆಸರಿನಲ್ಲೂ ಆ ‘ಮಾದರಿ’ ಅನ್ನುವ ಪದ ನುಸುಳಿದೆ, ಮುಖಗಳ ಕೆಳಗೆ ಹೆಸರು ಬರೆದಿಲ್ಲ. ಆಳುವವರ ರೂಢಿ ಎಷ್ಟು ಆಳಕ್ಕೆ ಇಳಿದಿರುತ್ತದೆ ನೋಡಿ.

ನನ್ನನ್ನು ಹೆಚ್ಚು ತಟ್ಟಿದ್ದು ರಿಚರ್ಡ್ ಸ್ಯಾಮ್ಯುಯೆಲ್ ರಾಬರ್ಟ್ಸ್ ಅವರ ಕಥೆ. ದಕ್ಷಿಣ ಕೆರೊಲಿನಾದ ಕೊಲಂಬಿಯಾದವರು, ಸ್ವತಃ ಕರಿಯರು. ಮುಂಜಾನೆ ಎದ್ದು ಪೋಸ್ಟಾಫೀಸಿನ ಕಸ ಗುಡಿಸಿ ಒರೆಸುವ ನೌಕರಿ, ಮಧ್ಯಾಹ್ನದಿಂದ ಫೋಟೋ. ಯಾರ ಹತ್ತಿರವೂ ಕಲಿಯಲಿಲ್ಲ, ತಾವೇ ಕಲಿತರು. 1920ರಿಂದ 1936ರಲ್ಲಿ ಸಾಯುವವರೆಗೆ ತಮ್ಮ ಜನರ ಶಾಲೆಯ ಮೇಷ್ಟ್ರು, ಸಂಸ್ಕಾರ ಮಾಡಿಸುವವನು, ಮದುಮಗಳು, ಮಗು, ಎಲ್ಲರನ್ನೂ ಹಿಡಿದರು. 1977ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸೌತ್ ಕೆರೊಲಿನಿಯಾನ ಗ್ರಂಥಾಲಯದ ಥಾಮಸ್ ಜಾನ್ಸನ್ ಅವರು ಹುಡುಕಿಕೊಂಡು ಹೋದಾಗ, ರಾಬರ್ಟ್ಸ್ ಮನೆಯ ನೆಲದಡಿಯ ಸಂದಿಯಲ್ಲಿ ಸುಮಾರು 3000 ಗಾಜಿನ ನೆಗೆಟಿವ್‌ಗಳು ಸಿಕ್ಕವು. ಆಮೇಲೆ ಮಾಡಿದ ಕೆಲಸ ಮುಖ್ಯವಾದದ್ದು. ಆ ಪ್ರಿಂಟುಗಳನ್ನು ಹಿಡಿದುಕೊಂಡು ರಾಬರ್ಟ್ಸ್ ಅವರ ಮಕ್ಕಳನ್ನು, ಊರಿನ ಹಿರಿಯ ಕರಿಯರನ್ನು ಕೇಳಿದರು: ಇದು ಯಾರು? ಇವರು ಯಾರ ಮಗಳು? ಎಲ್ಲಿ ಕೆಲಸಕ್ಕಿದ್ದರು? ಹಾಗೆ ಕೂಡಿಸಿದ ಹೆಸರುಗಳೊಂದಿಗೆ 1986ರಲ್ಲಿ ‘ಎ ಟ್ರೂ ಲೈಕ್‌ನೆಸ್’ ಪುಸ್ತಕ ಬಂತು. ಎಲ್ಲರ ಹೆಸರೂ ಸಿಗಲಿಲ್ಲ. ಸಿಕ್ಕಷ್ಟು ಸಿಕ್ಕಿತು.

ಇದನ್ನು ಓದಿದ ಮೇಲೆ ನಾನು ಪ್ರಿಂಟುಗಳನ್ನು ತಗೊಂಡು ಹೋಗಿ ದೊಡ್ಡವ್ವನ ಜಗಲಿಯ ಮೇಲೆ ಹರಡಿದೆ. ಕಣ್ಣು ಮಂಜು. ಮುಖ ನೋಡಿ ಗುರುತು ಹಿಡಿಯುತ್ತಾಳೆ ಅಂದುಕೊಂಡಿದ್ದೆ; ಅವಳು ನೋಡಿದ್ದು ಸೀರೆ. ‘ಈ ಸೀರೆ ನಂದು ಕಣಪ್ಪ. ದೊಡ್ಡ ಅಂಚು, ಸೆರಗಲ್ಲಿ ಸುಟ್ಟ ಗುರ್ತು ಐತೆ ನೋಡು.’ ನೋಡಿದರೆ ಹೌದು. ಏಳು ಮದುವೆಯ ಫೋಟೋಗಳಲ್ಲಿ ಅದೇ ಸೀರೆ. ಕೇರಿಯಲ್ಲಿ ಯಾರ ಮನೆ ಮದುವೆಯಾದರೂ ದೊಡ್ಡವ್ವನ ಆ ಒಂದು ಸೀರೆ ಹೋಗುತ್ತಿತ್ತಂತೆ. ಸೀರೆ ಕೊಟ್ಟ ನೆನಪಿನಿಂದ ಮದುವೆಯ ನೆನಪು, ಮದುವೆಯಿಂದ ಹುಡುಗಿಯ ಹೆಸರು, ಕೊಟ್ಟ ಊರು, ಹೆತ್ತ ಮಕ್ಕಳು, ಬರಗಾಲದಲ್ಲಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ತಿರುಗಿ ಬರದವರು. ಒಂದು ಮಧ್ಯಾಹ್ನದಲ್ಲಿ ಏಳಕ್ಕೆ ಏಳೂ ಹೆಸರು ಸಿಕ್ಕವು. ಸ್ಟುಡಿಯೋದ ಕೋಟು ನಮ್ಮನ್ನು ಬೇರೆ ಮಾಡಿತ್ತು. ದೊಡ್ಡವ್ವನ ಸೀರೆ ಕೇರಿಯ ಲೆಡ್ಜರಾಗಿತ್ತು. ಊರಿನ ಚರಿತ್ರೆಯ ಹುಚ್ಚಿನ ಮೇಷ್ಟ್ರು ಆ ದಿನ ನನ್ನ ಜೊತೆ ಬಂದಿದ್ದರು. ನಮ್ಮ ಕೇರಿಗೆ ಅದು ಅವರ ಮೊದಲ ಭೇಟಿ. ನೀರು ಕೊಟ್ಟಾಗ ಕುಡಿದರು. ಇದನ್ನೂ ಬರೆದಿಡಬೇಕು.

ಈಗ ಆ ಖಾಕಿ ಲಕೋಟೆ. ಸಣ್ಣ ಊರುಗಳಲ್ಲಿ ಅನುಮಾನದ ಸಾವಾದರೆ ಪಂಚನಾಮೆಗೆ ಪೊಲೀಸರು ಊರಿನ ಸ್ಟುಡಿಯೋದವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಲಕೋಟೆಯಲ್ಲಿದ್ದದ್ದು ಅವು. ಬಾವಿ ಕಟ್ಟೆಯ ಮೇಲೆ ಮಲಗಿಸಿದ ಒಬ್ಬ ಹೆಂಗಸು. ಸುಟ್ಟ ಎರಡು ಗುಡಿಸಲು. ಹೊಲದ ಬದುವಿನಲ್ಲಿ ಒಬ್ಬ ಗಂಡಸು. ಲೆಡ್ಜರಿನಲ್ಲಿ ‘ಸ್ಟೇಷನ್ ಬಾಬ್ತು’ ಅಂತಿದೆ. ಅದೇ ರೋಲಿನ ಮುಂದಿನ ಫೋಟೋ ತೇರಿನದು. ಒಂದೇ ಫಿಲ್ಮು, ಹನ್ನೆರಡು ಫೋಟೋ; ಬೆಳಿಗ್ಗೆ ಹೆಣ, ಸಂಜೆ ತೇರು.

ಸಮಿತಿಯ ಎಲ್ಲರೂ, ನನ್ನನ್ನೂ ಸೇರಿಸಿ, ಮೊದಲು ಹೇಳಿದ್ದು ‘ಇದು ಬೇಡ’ ಅಂತಲೇ. ಆಗ ನನಗೆ ಓದಲು ಸಿಕ್ಕಿದ್ದು ಮಿಸಿಸಿಪ್ಪಿಯ ಕೊಲಂಬಸ್ ಅನ್ನುವ ಊರಿನ ವಿಷಯ. ಮೊದಲು ಹೇಳಿದ ಕೊಲಂಬಿಯಾ ಬೇರೆ, ಇದು ಬೇರೆ. ಅಲ್ಲಿ ಓ.ಎನ್. ಪ್ರೂಯಿಟ್ ಅನ್ನುವ ಬಿಳಿಯ 1920ರಿಂದ 1960ರವರೆಗೆ ಊರಿನ ಫೋಟೋಗ್ರಾಫರ್. ನಲವತ್ತು ವರ್ಷ ಆ ಊರಿನಲ್ಲಿ ಏನೇ ಆದರೂ ಅವನ ಕ್ಯಾಮೆರಾ ಅಲ್ಲಿತ್ತು. 1987ರಲ್ಲಿ ಅದೇ ಊರಲ್ಲಿ ಆಡಿ ಬೆಳೆದ ಬರ್ಕ್ಲಿ ಹಡ್ಸನ್ ಮತ್ತು ಅವರ ಬಾಲ್ಯದ ಗೆಳೆಯರು ಆ ನೆಗೆಟಿವ್‌ಗಳನ್ನು ಕೊಂಡು ಉಳಿಸಿಕೊಂಡರು. ಪ್ರೂಯಿಟ್ಟನ ಕೈಯವೇ 80,000ಕ್ಕೂ ಹೆಚ್ಚು. ಈಗ ಅವು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 2022ರಲ್ಲಿ ಹಡ್ಸನ್ನರ ಪುಸ್ತಕವೂ ಬಂತು. ಅದರಲ್ಲಿ ಪಿಕ್ನಿಕ್ಕುಗಳಿವೆ, ಟಾಂಬಿಗ್ಬಿ ಹೊಳೆಯಲ್ಲಿ ಮುಳುಗಿಸಿ ದೀಕ್ಷೆ ಕೊಡುವುದಿದೆ, ಸರ್ಕಸ್ಸಿನವರಿದ್ದಾರೆ. ಸಿಲ್ವೆಸ್ಟರ್ ಹ್ಯಾರಿಸ್ ಅನ್ನುವ ಕರಿಯ ರೈತ ತನ್ನ ಹೇಸರಗತ್ತೆಯ ಜೊತೆ ನಿಂತಿದ್ದಾನೆ. 1934ರಲ್ಲಿ ಸಾಲಕ್ಕೆ ಜಮೀನು ಹರಾಜಾಗುವಾಗ ನೇರ ವಾಷಿಂಗ್ಟನ್ನಿಗೆ ಫೋನು ಮಾಡಿ ಅಧ್ಯಕ್ಷ ರೂಸ್‌ವೆಲ್ಟರನ್ನೇ ಕೇಳಿ ಜಮೀನು ಉಳಿಸಿಕೊಂಡ ಗಟ್ಟಿಗ. ಅದೇ ಸಂಗ್ರಹದಲ್ಲಿ 1935ರ ಜುಲೈ ತಿಂಗಳಲ್ಲಿ ಬಿಳಿಯರ ಗುಂಪು ನೇಣು ಹಾಕಿ ಕೊಂದ ಬರ್ಟ್ ಮೂರ್ ಮತ್ತು ಡೂಲಿ ಮಾರ್ಟನ್ ಇಬ್ಬರ ಹೆಣಗಳ ಫೋಟೋವೂ ಇದೆ. ಅದೇ ಕೈ, ಅದೇ ಕ್ಯಾಮೆರಾ.

ಹಡ್ಸನ್ ಮತ್ತು ಅವರ ಗೆಳೆಯರು ಬಿಳಿಯರು. ಅವರ ಮನೆಯವರ ಫೋಟೋಗಳೂ ಆ ರಾಶಿಯಲ್ಲಿದ್ದವು. ನೇಣಿನ ಚಿತ್ರವನ್ನು ಬೇರೆ ತೆಗೆದಿಟ್ಟು ಪಿಕ್ನಿಕ್ಕುಗಳ ಚಂದದ ಪುಸ್ತಕ ಮಾಡಬಹುದಿತ್ತು. ಮಾಡಲಿಲ್ಲ. ಅದು ಮೆಚ್ಚತಕ್ಕದ್ದು. ಆದರೆ ಇಂಥ ಚಿತ್ರವನ್ನು ಇಟ್ಟುಕೊಂಡರಷ್ಟೇ ಸಾಲದು, ಯಾರು ಯಾರಿಗೆ ತೋರಿಸುತ್ತಾರೆ ಅನ್ನುವುದಿದೆ. 1916ರಲ್ಲಿ ಟೆಕ್ಸಸ್ಸಿನ ವೇಕೊದಲ್ಲಿ ಜೆಸ್ಸಿ ವಾಷಿಂಗ್ಟನ್ ಅನ್ನುವ ಹದಿಹರೆಯದ ಕರಿಯ ಹುಡುಗನನ್ನು ಸಾವಿರಾರು ಜನರೆದುರು ಸುಟ್ಟು ಕೊಂದರು. ಊರಿನ ಫೋಟೋಗ್ರಾಫರ್ ಅದನ್ನು ತೆಗೆದ; ಆ ಚಿತ್ರಗಳು ಪೋಸ್ಟ್‌ಕಾರ್ಡುಗಳಾಗಿ ಮಾರಾಟವಾದವು. ಅದೇ ಚಿತ್ರಗಳನ್ನು ತರಿಸಿಕೊಂಡು ಡುಬಾಯ್ಸ್ ಅವರು ತಮ್ಮ ‘ಕ್ರೈಸಿಸ್’ ಪತ್ರಿಕೆಯ ವಿಶೇಷ ಪುರವಣಿಯಲ್ಲಿ ಅಚ್ಚು ಹಾಕಿ ದೇಶಕ್ಕೆಲ್ಲ ತೋರಿಸಿದರು. ಕೊಂದವರ ಹಬ್ಬದ ನೆನಪು ಅವರ ಮೇಲಿನ ಸಾಕ್ಷಿಯಾಯಿತು.

ಸಾಕ್ಷಿ ಅಂದಾಗ ನಮಗೆ ಕಂಬಾಲಪಲ್ಲಿ ನೆನಪಾಗದೆ ಇರುವುದಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಜೀವಂತ ಸುಟ್ಟರು. ಸುಟ್ಟ ಮನೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ನಾವೆಲ್ಲ ನೋಡಿದ್ದೆವು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಫೋಟೋ ತಿರುಗಿಬೀಳುವುದಿಲ್ಲ, ನಿಜ. ಆದರೆ ಅದು ತಾನಾಗಿ ಬಾಯಿಯನ್ನೂ ಬಿಡುವುದಿಲ್ಲ.

ಬಾವಿ ಕಟ್ಟೆಯ ಹೆಂಗಸಿನ ಚಿತ್ರವನ್ನು ನಾನು ದೊಡ್ಡವ್ವನಿಗೆ ತೋರಿಸಬಾರದಿತ್ತು. ಬೇರೆ ಪ್ರಿಂಟುಗಳ ಜೊತೆ ಸೇರಿಕೊಂಡು ಹೋಗಿತ್ತು, ನನ್ನ ತಪ್ಪು. ಅವಳು ಸೀರೆ ನೋಡಲಿಲ್ಲ, ಏನೂ ನೋಡಲಿಲ್ಲ, ಮಗುಚಿ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಹೆಸರು ಹೇಳಿದಳು. ‘ಬಿದ್ಲು ಅಂದ್ರು’ ಅಂದಳು. ಅಷ್ಟೇ. ಆ ಹೆಂಗಸಿನ ಮಗ ಇದ್ದಾನೆ, ಪಕ್ಕದ ತಾಲ್ಲೂಕಿನಲ್ಲಿ ನೌಕರಿಯಲ್ಲಿದ್ದಾನೆ. ಅವನನ್ನು ಹೋಗಿ ಕಂಡೆ. ಅವ್ವನ ಒಂದು ಫೋಟೋವೂ ಮನೆಯಲ್ಲಿಲ್ಲ, ಇರುವುದು ಇದೊಂದೇ ಅಂದ. ನಾಲ್ಕು ದಿನ ಬಿಟ್ಟು ತಾನೇ ಬಂದು, ‘ಮುಖ ಮಾತ್ರ ಬರೋ ಹಾಗೆ ಒಂದು ಕಾಪಿ ಮಾಡಿಸ್ಕೊಡಿ ಅಣ್ಣ. ಪೂರ್ತಿದು ಪೆಟ್ಟಿಗೇಲೇ ಇರ್ಲಿ, ಸುಡಬೇಡಿ. ಪ್ರದರ್ಶನಕ್ಕೆ ಬೇಡ’ ಅಂದ. ಹಾಗೇ ಮಾಡಿದ್ದೇವೆ. ಮುಖದ ಕಾಪಿ ಮಾಡುವಾಗ ಕಂಪ್ಯೂಟರಿನ ಹುಡುಗ ಕಣ್ಣು ತೆರೆದಿರುವ ಹಾಗೆ ಮಾಡಿಕೊಡಲೇ ಅಂತ ಕೇಳಿದ. ಮಗ ಬೇಡ ಅಂದ.

ತಮಿಳುನಾಡಿನ ಸಣ್ಣ ಊರುಗಳ ಹಳೇ ಸ್ಟುಡಿಯೋ ಫೋಟೋಗಳನ್ನು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಹುಡುಕಿ ಡಿಜಿಟಲ್ ಮಾಡಿದ್ದಾರೆ. ನಮ್ಮ ಕಡೆಯೂ ಇಂಥ ಕೆಲಸ ಊರೂರಿನಲ್ಲಿ ಆಗಬೇಕು, ಅದೂ ಬೇಗ. ಹಳೇ ಫಿಲ್ಮುಗಳಿಗೆ ಹುಳಿ ವಾಸನೆ ಬಂತೆಂದರೆ ಅವು ಒಳಗೇ ಸಾಯುತ್ತಿವೆ ಅಂತ ಅರ್ಥ. ನಮ್ಮ ಹನ್ನೊಂದರಲ್ಲಿ ಎರಡು ಪೆಟ್ಟಿಗೆಗೆ ಆಗಲೇ ಆ ವಾಸನೆ ಹತ್ತಿದೆ. ವಿದ್ಯಾರ್ಥಿ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮೂರಿನಲ್ಲಿ ಸ್ಟುಡಿಯೋ ಮುಚ್ಚಿದರೆ ನೆಗೆಟಿವ್ ಕೇಳಿ, ಅದಕ್ಕಿಂತ ಮುಂಚೆ ಲೆಡ್ಜರು ಕೇಳಿ. ಆಲ್ಬಮ್ಮು ಎಲ್ಲರೂ ಕೊಡುತ್ತಾರೆ, ಲೆಡ್ಜರನ್ನು ರದ್ದಿಗೆ ಹಾಕುತ್ತಾರೆ. ನಮ್ಮನ್ನು ಏನೆಂದು ಬರೆದಿದ್ದರು ಅನ್ನುವುದು ಅದರಲ್ಲಿದೆ.

ಚೀಟಿಯ ಜಗಳ ಹೋದ ತಿಂಗಳು ಒಂದು ಹದಕ್ಕೆ ಬಂತು. ‘ಇತರೆ’ ಅನ್ನುವ ಚೀಟಿ ತೆಗೆಯಲು ಹೆಡ್‌ಮಾಸ್ಟರು ಒಪ್ಪಿದರು. ಆ ಫೋಟೋಗಳು ಆಯಾ ವಿಷಯಕ್ಕೆ ಸೇರಬೇಕು: ನಮ್ಮ ಮದುವೆ ಮದುವೆಗೆ, ನಮ್ಮ ಹಾಸ್ಟೆಲು ಶಾಲೆಗೆ. ಲೆಡ್ಜರಿನ ಸಾಲನ್ನು ಇದ್ದ ಹಾಗೇ ಬರೆದು, ಅದರ ಕೆಳಗೆ ಹೆಸರು ಬರೆಯುವುದಕ್ಕೂ ಒಪ್ಪಿದರು. ಕೋಟಿನ ವಿಷಯ ಮಾತ್ರ ‘ಎರಡು ಕೋಟುಗಳು ಬಳಕೆಯಲ್ಲಿದ್ದವು’ ಅಂತ ಬರೆಯೋಣ ಅನ್ನುತ್ತಾರೆ. ಯಾರಿಗೆ ಯಾವುದು ಅಂತ ಬರೆಯಬೇಕು ಅಂತ ನಾನು. ಸ್ಟುಡಿಯೋದ ಯಜಮಾನರ ಮಗನನ್ನೇ ಕೇಳೋಣ ಅಂದರು ವಕೀಲರು. ಅವರನ್ನು ಕರೆಸಿದೆವು. ಅವರು ಎರಡೂ ಸಾಲಿನ ಫೋಟೋಗಳನ್ನು ಬಹಳ ಹೊತ್ತು ನೋಡಿ, ‘ಆ ಇನ್ನೊಂದು ಕೋಟು ಹಿತ್ತಲ ಬಾಗಿಲ ಹಿಂದೆ ಇರ್ತಿತ್ತು. ನಾನು ಚಿಕ್ಕೋನು. ಅದನ್ನ ಮುಟ್ಟಬೇಡ ಅಂತಿದ್ರು’ ಅಂದರು. ಇದನ್ನು ಬರೆದುಕೊಳ್ಳಬಹುದಾ ಅಂತ ಕೇಳಿದೆ. ಯೋಚನೆ ಮಾಡಿ ಹೇಳ್ತೀನಿ ಅಂದು ಹೋದರು. ಇನ್ನೂ ಹೇಳಿಲ್ಲ.

ಈ ನಡುವೆ ಸಂತೆಯ ದಿನ ಹುಣಸೇಮರದ ಕೆಳಗೆ ಒಂದು ಜಮಖಾನ ಹಾಸಿ, ಹೆಸರು ಸಿಗದ ಪ್ರಿಂಟುಗಳನ್ನು ಹರಡಿ, ಗಾಳಿಗೆ ಹಾರದ ಹಾಗೆ ಕಲ್ಲಿಟ್ಟು ಕೂರುತ್ತಿದ್ದೇವೆ. ಮೆಣಸಿನಕಾಯಿ ಮಾರಲು ಬರುವ ಹೆಂಗಸರು ಬುಟ್ಟಿ ಇಳಿಸಿ ಬಗ್ಗಿ ನೋಡುತ್ತಾರೆ. ಹೋದ ವಾರ ಮೂರು ಹೆಸರು ಸಿಕ್ಕವು. ತಮಟೆ ಹಿಡಿದು ನಿಂತ ಆರು ಜನರಲ್ಲಿ ಎಡಗಡೆಯಿಂದ ಎರಡನೆಯವನ ಗುರುತು ಇನ್ನೂ ಯಾರಿಗೂ ಹತ್ತಿಲ್ಲ.